ಗಿಳಿಯ ಇನ್ನೊಂದು ಕಾಲು

ದೆವ್ವ, ಪವಾಡ ಎಂದು ಕತೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಅಂಥವರನ್ನು ಗೋಳುಹೊಯ್ದುಕೊಳ್ಳುವುದರಲ್ಲಿ ಕಲಬುರಗಿಯ ಕೋಟೆ ಓಣಿಗೆಲ್ಲ ನಾನೇ ಮುಂದು. ಈಗ ನನ್ನ ಸರದಿ ಬಂದಿದೆ, ನೀವು ಧಾರಾಳವಾಗಿ ನಗಬಹುದು.

ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಹಳೆಯ ಗುರುಗಳ ಚಿತ್ರಗಳನ್ನು ನಕಲು ಮಾಡುವುದೇ ನನ್ನ ಹೊಟ್ಟೆಪಾಡು. ಒಮ್ಮೆ ಕಮಲಾಪುರದ ಗುರುಬಸಪ್ಪನವರು ಕರೆಸಿದರು. ಅಣ್ಣತಮ್ಮಂದಿರು ಬೇರೆಯಾಗುತ್ತಿದ್ದರು. ಹೊಲ, ಮನೆ ತಕರಾರಿಲ್ಲದೆ ಹಂಚಿಹೋಗಿದ್ದವು. ಕೈಮೇಲೆ ಗಿಳಿ ಕೂರಿಸಿಕೊಂಡ ಅವರ ಮುತ್ತಜ್ಜಿಯ ಚಿತ್ರ ಮಾತ್ರ ಇಬ್ಬರಿಗೂ ಬೇಕು. ಮರದ ಹಲಗೆಯ ಮೇಲೆ ಹಿಂದೆ ಯಾರೋ ಮಹಾನುಭಾವ ಬರೆದದ್ದು. ಅದಕ್ಕಾಗಿ ಇಬ್ಬರೂ ಮಾತು ಬಿಟ್ಟಿದ್ದರು. ತದ್ರೂಪು ನಕಲು ಸಿಕ್ಕರೆ ತಾನು ಅದನ್ನೇ ಒಯ್ಯುತ್ತೇನೆಂದು ತಮ್ಮ ಶಿವಪ್ಪ ಒಪ್ಪಿದ್ದ.

ನಕಲು ಚೆನ್ನಾಗಿಯೇ ಬಂತು. ಆದರೆ ನಮ್ಮ ಮನೆತನದಲ್ಲಿ ಒಂದು ಕಟ್ಟಳೆಯಿದೆ. ಗುರುವಿಗೆ ಸರಿಸಮನಾಗಿ ನಿಲ್ಲಬಾರದೆಂದು ನಕಲಿನಲ್ಲಿ ಏನಾದರೊಂದನ್ನು ಬಿಡಬೇಕು. ನಾನು ಗಿಳಿಯ ಒಂದು ಕಾಲು ಬಿಟ್ಟೆ. ಶಿವಪ್ಪನ ಕಣ್ಣು ನೆಟ್ಟಗೆ ಅಲ್ಲಿಗೇ ಹೋಯಿತು.

“ನನ್ನ ಪಾಲಿಗಿ ಕುಂಟ ಗಿಳಿ ಏನ್ರೀ? ನಾ ಒಲ್ಲೆ,” ಅಂದ.

ನಾನು ಪೇಚಿಗೆ ಸಿಕ್ಕಿಬಿದ್ದೆ. ಬರೆದರೆ ಅಪ್ಪ ಕಲಿಸಿದ್ದನ್ನು ಮೀರಿದಂತೆ, ಬರೆಯದಿದ್ದರೆ ಇವರು ಇನ್ನು ಜನ್ಮದಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಉಂಡು ಯೋಚಿಸೋಣವೆಂದು ಕುಂಚ ತೊಳೆದಿಟ್ಟು ಎದ್ದೆ. ಗುರುಬಸಪ್ಪನವರ ಹೆಂಡತಿ ನೀಲಮ್ಮ ಎರಡೂ ಚಿತ್ರಗಳಿದ್ದ ಕೋಣೆಗೆ ಕೀಲಿ ಹಾಕಿದರು. ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂತು ರೊಟ್ಟಿ ಉಂಡೆವು, ಕೆಂಪು ಬಾಳೆಹಣ್ಣು ತಿಂದೆವು. ನಡುವೆ ಯಾರೂ ಎದ್ದುಹೋಗಲಿಲ್ಲ.

ಬಾಗಿಲು ತೆಗೆದಾಗ ನನ್ನ ಗಿಳಿಗೆ ಎರಡೂ ಕಾಲುಗಳಿದ್ದವು. ಬಣ್ಣ ಇನ್ನೂ ಹಸಿಯಾಗಿತ್ತು. ಕುಂಚ ಎತ್ತದೆ ಎಳೆದ ಒಂದೇ ಗೆರೆ, ಎಷ್ಟು ವರ್ಷ ತಿದ್ದಿದರೂ ನನ್ನ ಕೈಗೆ ಹತ್ತದ ಗೆರೆ. ಪಕ್ಕದ ಹಳೆಯ ಚಿತ್ರದಲ್ಲಿ ಗಿಳಿ ಒಂಟಿಕಾಲಲ್ಲಿ ನಿಂತಿತ್ತು. ಕೆರೆದ ಗುರುತು ಕೂಡ ಇರಲಿಲ್ಲ.

“ಕೀಲಿ ನನ್ನ ಸೊಂಟದಾಗೇ ಅದರೀ,” ಎಂದರು ನೀಲಮ್ಮ.

ಗುರುಬಸಪ್ಪನವರು ಎರಡನ್ನೂ ಬಹಳ ಹೊತ್ತು ನೋಡಿ, ನಕ್ಕುಬಿಟ್ಟರು.

“ಮುತ್ತಜ್ಜಿ ಗಿಳಿ ಒಂದ್ ಕಾಲು ತಮ್ಮನ ಮನ್ಯಾಗ ಇಟ್ಟದ. ಇರ್ಲಿ ಬಿಡ್ರಿ.”

ಶಿವಪ್ಪನಿಗೂ ನಗು ತಡೆಯಲಾಗಲಿಲ್ಲ. ಹಳೆಯದನ್ನು ತಿದ್ದಿಕೊಡಲೇ ಎಂದು ಕೇಳಿದೆ. ಬೇಡವೆಂದು ಇಬ್ಬರೂ ಒಟ್ಟಿಗೇ ಹೇಳಿದರು. ಜಗಳವಾದಂದಿನಿಂದ ಅವರ ಬಾಯಲ್ಲಿ ಒಂದೇ ಮಾತು ಬಂದದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು.

ಶಿವಪ್ಪನ ಮನೆಗೆ ಹೋದವರೆಲ್ಲ ಆ ಕಾಲನ್ನೇ ಹೊಗಳಿ ನನಗೆ ಶಹಬ್ಬಾಸ್ ಹೇಳುತ್ತಾರೆ. ಅದನ್ನು ಬರೆದವರು ಯಾರೋ ನನಗೆ ಇಂದಿಗೂ ಗೊತ್ತಿಲ್ಲ. ನಾನಂತೂ ಅಲ್ಲ.