ನಾಲ್ಕನೆಯ ಕಳ್ಳ

ಪಟ್ ಪಟ್ ಪಟ್. ಎಂಬತ್ತರ ದಶಕದಲ್ಲಿ ನಾವು ದೇಶ ಬಿಟ್ಟು ಬಂದು ನೆಲೆಸಿದ್ದ ಯೂನಿಯನ್ ಸಿಟಿ ಎಂದರೆ ನನಗೆ ಇವತ್ತಿಗೂ ಬೇಲಿಯಾಚೆಯಿಂದ ಬರುತ್ತಿದ್ದ ಆ ಸದ್ದೇ. ಪಕ್ಕದ ಮನೆಯ ಧಾರವಾಡದ ಡಾಕ್ಟರು ರೊಟ್ಟಿ ಬಡಿಯುವ ಸದ್ದು. ಹೆಂಡತಿ ತೀರಿಕೊಂಡ ಮೇಲೆ ತಾವೇ ಕಲಿತಿದ್ದರು. ಮೊಣಕೈವರೆಗೆ ಹಿಟ್ಟು, ಬಿಳಿ ಗ್ಲೌಸು ತೊಟ್ಟ ಹಾಗೆ. ಬೀದಿಯ ಯಾವ ಕನ್ನಡದ ಮನೆಯಲ್ಲಿ ಜ್ವರ ಬಂದರೂ ಕರೆಯದೆಯೇ ಬರುತ್ತಿದ್ದರು, ಅದೂ ನಿಜ. ಆದರೂ ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ಇಲ್ಲ.

ಅವರ ಅಡುಗೆಮನೆಯ ಡ್ರಾಯರಿನಲ್ಲಿ, ಮಡಿಸಿಟ್ಟ ಬಟ್ಟೆಗಳ ಕೆಳಗೆ, ಒಂದು ರಿವಾಲ್ವರು. ಮನೆಗೊಂದು ಅಡುಗೆ ತಂದು ಎಲ್ಲರೂ ಒಟ್ಟಿಗೆ ಉಣ್ಣುವ ಪಾಟ್‌ಲಕ್ಕಿನಲ್ಲಿ ಗಂಡಸರು ತಟ್ಟೆ ಹಿಡಿದು ಕೂತರೆ ಸಾಕು, ಡಾಕ್ಟರದು ಶುರು. "ಮೂರು ಸಲ ಜೀವಾ ಉಳಿಸೇದ್ರೀ ಇದು. ಗುಂಡು ಹಾರಿಸೂದಽ ಬ್ಯಾಡ, ತೋರಿಸಿದ್ರ ಸಾಕು, ಓಡ್ತಾರ. ಪೇಪರಿನ್ಯಾಗ ಇವೆಲ್ಲಾ ಬರೂದಿಲ್ಲ. ಲೆಕ್ಕಾ ಇಡೋರು ಯಾರ್ರೀ?"

ನಮ್ಮ ಯಜಮಾನರು ಬಾಯಿ ಬಿಟ್ಟುಕೊಂಡು ಕೇಳಿದರು. ಮನೆಗೆ ಬಂದವರೇ, "ನಾವೂ ಒಂದು ತಗೊಳ್ಳೋಣ ಕಣೇ, ಸೇಫ್ಟಿಗೆ," ಎಂದರು. ಎರಡು ಪುಟ್ಟ ಹೆಣ್ಣುಮಕ್ಕಳಿದ್ದ ಮನೆ ನಮ್ಮದು. "ಓವರ್ ಮೈ ಡೆಡ್ ಬಾಡಿ," ಎಂದೆ. ನಕ್ಕುಬಿಟ್ಟರು.

ಆ ವರ್ಷ ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಹೊರಟೆ. ಚಳಿ. ರೇಷ್ಮೆ ಸೀರೆಯ ಮೇಲೆ ಯಜಮಾನರ ಕೋಟು, ತಲೆಗೆ ಶಾಲು. ಬಳಕೆಯ ಮನೆಗೆ ಯಾರಾದರೂ ಮುಂಬಾಗಿಲ ಬೆಲ್ಲು ಒತ್ತುತ್ತಾರೆಯೇ? ಪಕ್ಕದ ಗೇಟು ತಳ್ಳಿ ಹಿತ್ತಲಿಗೇ ಹೋದೆ. ಪಟ್ ಪಟ್ ನಿಂತಿತು. ಬಾಗಿಲು ತೆರೆಯಿತು. ಹಿಟ್ಟಿನ ಕೈ, ಹಿಟ್ಟು ಮೆತ್ತಿದ ರಿವಾಲ್ವರು, ನನ್ನ ಎದೆಗೆ ನೇರ. ತಟ್ಟೆ ಕೈಜಾರಿತು, ಸಕ್ಕರೆ ಅಚ್ಚೆಲ್ಲ ಕಾಂಕ್ರೀಟಿನ ಮೇಲೆ ಪುಡಿ. ಓಡಿದೆ.

ಮರುದಿನ ಡಾಕ್ಟರು ನನ್ನ ತಟ್ಟೆ ತೊಳೆದು, ಬರಿದೇ ಕೊಡಬಾರದೆಂದು ಎರಡು ಸಜ್ಜೆ ರೊಟ್ಟಿ ಇಟ್ಟು ತಂದರು. "ತಪ್ಪಾತ್ರೀ ವೈನಿ. ಯಾರ ಮುಂದೂ ಅನಬ್ಯಾಡ್ರಿ." ಅತ್ತಿಗೆಗೆ ಅವರ ಕಡೆ ವೈನಿ ಎನ್ನುತ್ತಾರೆ. ಮುಖ ನೋಡಿ ಅಯ್ಯೋ ಎನಿಸಿತು. ಯಜಮಾನರಿಗೂ ಹೇಳಲಿಲ್ಲ.

ಮುಂದಿನ ಪಾಟ್‌ಲಕ್ಕಿನಲ್ಲಿ ಅದೇ ಡಾಕ್ಟರು, "ನಾಲ್ಕು ಸಲ," ಎಂದರು! "ಮೊನ್ನೆ ಸಂಜಿಗೆ ಹಿತ್ತಲದಾಗ ಒಬ್ಬಾಂವ, ತಲೀ ಮುಚ್ಕೊಂಡು ಬಂದಿದ್ದ. ತೋರಿಸಿದ್ದಽ ತಡ, ಪರಾರಿ."

"ಕೇಳಿದೆಯಾ?" ಎಂದು ಯಜಮಾನರು ನನ್ನತ್ತ ತಿರುಗಿದರು. "ಸೋಮವಾರ ತಂದೇ ಬಿಡ್ತೀನಿ."

ನಾನು ಓದಿದ ಕಾನ್ವೆಂಟಿನಲ್ಲಿ ಮ್ಯಾಥ್ಸಿನ ಸಿಸ್ಟರು, ಬರೀ ಉತ್ತರ ಬರೆದರೆ ಸೊನ್ನೆ ಹಾಕುತ್ತಿದ್ದರು. ಹೇಗೆ ಬಂತು, ತೋರಿಸು ಎನ್ನುತ್ತಿದ್ದರು. ಸೌಟು ಕೆಳಗಿಟ್ಟೆ.

"ಎಕ್ಸ್‌ಕ್ಯೂಸ್ ಮಿ ಡಾಕ್ಟ್ರೇ, ಆ ನಾಲ್ಕನೇ ಕಳ್ಳ ನಾನು. ಕೈಯಲ್ಲಿ ಎಳ್ಳು-ಬೆಲ್ಲ ಇತ್ತು. ರೊಟ್ಟಿ ಕೊಟ್ಟು ಬಾಯಿ ಮುಚ್ಚಿಸಿದ್ದು ಮರೆತಿರಾ?"

ಯಾರೋ ಕಿಸಕ್ಕನೆ ನಕ್ಕರು. ಯಜಮಾನರು ನಗಲಿಲ್ಲ, ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. "ಮಂದಿಯೊಳಗ ನನ್ನ ಮರ್ಯಾದಿ ತಗದ್ರಿ," ಎಂದರು ಡಾಕ್ಟರು. ಸೋಮವಾರ ಬಂತು, ಹೋಯಿತು. ನಮ್ಮ ಮನೆಗೆ ಗನ್ನು ಬರಲಿಲ್ಲ. ಡಾಕ್ಟರು ಪಕ್ಕದ ಗೇಟಿಗೆ ಮೊಳೆ ಹೊಡೆಸಿದರು. ಎರಡು ವರ್ಷ ಮಾತಿಲ್ಲ. ಪಟ್ ಪಟ್ ಮಾತ್ರ.

ಕಡೆಯ ಸಲ ಕಂಡದ್ದು ಅವರು ಮನೆ ಮಾರಿ ಸ್ಯಾನ್ ಮಟಿಯೋಗೆ ಹೊರಟ ಬೆಳಿಗ್ಗೆ. ಬೇಲಿಯ ಹತ್ತಿರ ಬಂದು ನಿಂತರು. "ಮೂರಽ ಅಂತ ಇಟ್ಕೋರಿ, ವೈನಿ."

"ಆ ಮೂವರ ಕೈಯಲ್ಲಿ ಏನಿತ್ತು ಅಂತ ನೋಡಿದ್ದಿರಾ?"

ಡಾಕ್ಟರು ತಮ್ಮ ಕೈಗಳನ್ನೇ ಒಂದು ಗಳಿಗೆ ನೋಡಿಕೊಂಡು ಕಾರು ಹತ್ತಿದರು. ಅವತ್ತು ಅವುಗಳಲ್ಲಿ ಹಿಟ್ಟಿರಲಿಲ್ಲ.