ನನ್ನ ಸೊಂಟದಲ್ಲಿದ್ದ ಕಾರಿನ ಕೀ

ಹಾಲೇಶಪ್ಪನವರೇ, ಆರು ವರ್ಷದ ಹಿಂದೆ ನಿಮ್ಮ ಕಾರಿನ ಇಂಜಿನ್ ಕೆಡಿಸಿದ್ದು ನಾನು. ನೀವು ಯಾವ ಬೋಲ್ಟನ್ನೂ ಮರೆತಿರಲಿಲ್ಲ. ಆಯಿಲ್ ಇಲ್ಲದೆ ಇಂಜಿನ್ ಓಡಿದ್ದು ನಿಜ — ಓಡಿಸಿದವಳು ನಿಮ್ಮ ಅತ್ತೆ. ನ್ಯಾಮತಿಯ ನಮ್ಮ ಮನೆಯಂಗಳದಲ್ಲೇ, ಮಟಮಟ ಮಧ್ಯಾಹ್ನ, ನೀವು ಹೊನ್ನಾಳಿಗೆ ಹೋಗಿ ಬರುವಷ್ಟರಲ್ಲಿ.

ಬರೆದೆ. ಇಷ್ಟು ಬರೆಯುವುದಕ್ಕೆ ಎರಡು ದಿನ ಹಿಡಿಯಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕೈ ನಿಧಾನ ಎಂದು ಬೇಕಾದರೆ ಹೇಳಿಕೊಳ್ಳಬಹುದು. ಆದರೆ ಮದುವೆ ಮನೆಯ ಸಾಮಾನಿನ ಪಟ್ಟಿ ಬರೆಯುವಾಗ ಈ ಕೈ ಎಂದೂ ನಿಂತಿದ್ದಿಲ್ಲ. ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಇದನ್ನು ನೀವೊಬ್ಬರೇ ಓದಿದರೆ ಸಾಲದು.

ಸವಿತಾ ಎರಡನೇ ಮಗು ಹೆತ್ತು ಇವತ್ತಿಗೆ ಹನ್ನೊಂದು ದಿನ. ನನ್ನ ಮಗಳ ಮಗಳು! ಅದರ ಕಾಲ್ಬೆರಳು ನೋಡಿದ್ದೀರಲ್ಲ — ನೆನೆಸಿದ ಹೆಸರುಕಾಳು ಸಾಲಾಗಿ ಜೋಡಿಸಿಟ್ಟ ಹಾಗೆ. ಹಾಲು ಕುಡಿದು ಸಾಕಾದರೆ ಒಂದು ಕಣ್ಣು ಮಾತ್ರ ಮುಚ್ಚುತ್ತದೆ, ಇನ್ನೊಂದರಲ್ಲಿ ನಮ್ಮನ್ನು ಕಾಯುತ್ತದೆ. ಬೀದಿಯವರು "ಮತ್ತೆ ಹೆಣ್ಣಾ?" ಅಂದರೆ "ಹೂಂ ಕಣ್ರೀ, ಮತ್ತೆ ಹೆಣ್ಣು, ಬಾಯಿ ತಗೀರಿ" ಎಂದು ಪೇಡೆ ತುರುಕಿ ಬಂದೆ. ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಮೊದಲ ಕೂಸು ಮಾನ್ಯ ಹುಟ್ಟಿದಾಗಲೂ ಹೀಗೇ ಇದ್ದೆ. ಹೀಗೇ — ಖುಷಿಯಲ್ಲಿ ಕಣ್ಣು ಕಾಣದೆ. ಅದಕ್ಕೇ ಈಗ ಈ ಖುಷಿಯ ನಡುವೆ ನನಗೆ ನನ್ನ ಮೇಲೇ ಹೇಸಿಗೆ ಬರುತ್ತಿದೆ.

ಆ ಕಾರನ್ನು ನೀವು ಮೊದಲ ಸಲ ತಂದು ನಿಲ್ಲಿಸಿದ ದಿನ ನನಗೆ ನೆನಪಿದೆ. ಚನ್ನಗಿರಿಯ ಅಂಗಡಿಯಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ನೀವು, ಹಳೆಯದೊಂದು ಹೈಬ್ರಿಡ್ ಕಾರನ್ನು ಹುಡುಕಿ ಕೊಂಡಿರಿ. ಅರ್ಧ ಪೆಟ್ರೋಲು, ಅರ್ಧ ಬ್ಯಾಟರಿ. ತ್ಯಾವಣಿಗೆಯಿಂದ ಬಂದಿದ್ದ ನನ್ನ ತಮ್ಮ ರುದ್ರೇಶ ಅದರ ಸುತ್ತ ಒಂದು ಸುತ್ತು ಹಾಕಿ, "ಹೈಬ್ರಿಡ್ ಜೋಳ ಗೊತ್ತು, ಹೈಬ್ರಿಡ್ ಹಸು ಗೊತ್ತು. ಇದೇನ್ ಮೇಯ್ತೈತೆ ಅಳಿಯಂದ್ರೇ?" ಅಂದ. ನೀವು ನಕ್ಕಿರಿ. "ನಗ್ರಿ ಮಾವ, ನಗ್ರಿ. ಇನ್ನೈದು ವರ್ಷಕ್ಕೆ ರೋಡ್ ತುಂಬಾ ಇವೇ. ಆಗ ರಿಪೇರಿ ಮಾಡಾಕೆ ನನ್ ಹತ್ರಾನೇ ಬರಬೇಕು ನೀವು" ಅಂದಿರಿ. ರಾತ್ರಿಯೆಲ್ಲ ಫೋನಿನಲ್ಲಿ ನೋಡಿ ನೋಡಿ ಅದರ ಕೆಲಸ ಕಲಿಯುತ್ತಿದ್ದಿರಿ, ಹೊನ್ನಾಳಿ ರಸ್ತೆಯಲ್ಲಿ ಒಂದು ತಗಡಿನ ಶೆಡ್ ನೋಡಿಟ್ಟಿದ್ದಿರಿ. ನಿಮ್ಮದೇ ಗ್ಯಾರೇಜು. ಸವಿತಾ ಬೋರ್ಡಿಗೆ ಹೆಸರು ಕೂಡ ಯೋಚಿಸಿದ್ದಳು.

ಆವತ್ತು ಭಾನುವಾರ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಸವಿತಾ ಬಾಣಂತನಕ್ಕೆ ನಮ್ಮಲ್ಲಿದ್ದಳು, ಮಾನ್ಯಗೆ ಮೂರು ತಿಂಗಳು. ಕಾರಿನ ಆಯಿಲನ್ನು ನಮ್ಮ ಅಂಗಳದಲ್ಲೇ ಬದಲಿಸಿ ಎಂದವಳೂ ನಾನೇ. ಹಳೇ ಆಯಿಲ್ ಬಳಿದರೆ ಕೊಟ್ಟಿಗೆಯ ಕಂಬಕ್ಕೆ ಗೆದ್ದಲು ಹತ್ತುವುದಿಲ್ಲ — ಆ ಕರಿ ಎಣ್ಣೆ ನನಗೆ ಬೇಕಿತ್ತು. ನೀವು ಮುಂದಿನ ಗಾಲಿಗಳನ್ನು ಚಪ್ಪಡಿ ಕಲ್ಲಿನ ಮೇಲೆ ಹತ್ತಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಬಾನೆಟ್ ಎತ್ತಿದಿರಿ. ಆಮೇಲೆ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದಿರಿ.

"ಅತ್ತೆ, ಈ ಕೀ ನಿಮ್ ಹತ್ರ ಇರ್ಲಿ. ಒಳಗೆ ದೂರ ಇಡ್ರಿ. ಇದನ್ನ ತಿರುಗಿಸೋದೇನಿಲ್ಲ, ಹತ್ರ ಇದ್ರೆ ಸಾಕು, ಗುಂಡಿ ಒತ್ತಿದ್ರೆ ಗಾಡಿಗೆ ಎಚ್ಚರ ಆಗ್ತೈತೆ. ಸದ್ದು ಇರಲ್ಲ. ಸದ್ದಿಲ್ಲ ಅಂತ ನಂಬಂಗಿಲ್ಲ, ಇಂಜಿನ್ ಯಾವಾಗ ಬೇಕಾದ್ರೂ ತಾನೇ ಚಾಲೂ ಆಗ್ತೈತೆ. ಆಯಿಲ್ ಇಳಿಸಿದ ಮ್ಯಾಲೆ ಚಾಲೂ ಆದ್ರೆ ಮುಗೀತು."

"ಆಯ್ತಪ್ಪ, ನನ್ ಸೊಂಟ ಬಿಟ್ಟು ಎಲ್ಲೂ ಹೋಗಲ್ಲ ಅದು" ಅಂದೆ.

ನನ್ನ ಬೀರುವಿನ ಕೀಲಿ, ಟ್ರಂಕಿನ ಕೀಲಿ, ದೇವರ ಪೆಟ್ಟಿಗೆಯ ಕೀಲಿ ಎಲ್ಲವೂ ಸೊಂಟದ ಕೊಕ್ಕೆಯಲ್ಲೇ ಇರುವುದು. ನಮ್ಮವ್ವನದೂ ಹಾಗೇ ಇತ್ತು. ಕೀಲಿ ಜೋಪಾನ ಮಾಡುವುದು ಅಂದರೆ ಸೊಂಟಕ್ಕೆ ಸಿಕ್ಕಿಸುವುದು — ಬೇರೆ ಜಾಗ ನನಗೆ ಹೊಳೆಯಲೇ ಇಲ್ಲ. ನೀವು ನೋಡಿದಿರಿ, ನಕ್ಕಿರಿ, ನಂಬಿ ಕಾರಿನ ಕೆಳಗೆ ನುಸುಳಿದಿರಿ.

ಆಯಿಲೆಲ್ಲ ಬಾಣಲೆಗೆ ಇಳಿಯಿತು. ತಳದ ಬೋಲ್ಟಿನ ವಾಷರ್ ಸವೆದಿದೆ, ಹಳೆಯದನ್ನೇ ಹಾಕುವುದು ಬೇಡ ಎಂದು ನೀವು ಬೈಕು ಹತ್ತಿ ಹೊನ್ನಾಳಿಗೆ ಹೊರಟಿರಿ. ಒಂದು ಸಣ್ಣ ಬಳೆಯಷ್ಟಿಲ್ಲದ ವಾಷರಿಗೆ ಅಷ್ಟು ದೂರ. ಅಂಥ ಜಾಗ್ರತೆಯ ಮನುಷ್ಯನನ್ನು ನಾನು —

ಕರೆಂಟು ಹೋಯಿತು. ಸವಿತಾ ಎಣ್ಣೆನೀರು ಹಾಕಿಸಿಕೊಂಡು ಗಾಢವಾಗಿ ಮಲಗಿದ್ದಳು. ಯಜಮಾನರು ಗದ್ದೆಗೆ ಹೋಗಿದ್ದರು. ಮಾನ್ಯ ಬೆವರುಸಾಲೆ ಎದ್ದು ಕಿರುಚತೊಡಗಿದಳು. ಬೀಸಣಿಗೆ ಬೀಸಿದೆ, ಒದ್ದೆ ಬಟ್ಟೆ ಒತ್ತಿದೆ, ಎತ್ತಿಕೊಂಡು ಅಂಗಳ ಸುತ್ತಿದೆ. ಕಾರು ಕಂಡಿತು. ಹಿಂದಿನ ವಾರ ಸವಿತಾ ಕಾಲಲ್ಲಿ ಬ್ರೇಕ್ ತುಳಿದು, ಗುಂಡಿ ಒತ್ತಿ, ಮಗುವಿಗೆ ತಣ್ಣನೆ ಗಾಳಿ ಹಾಕಿದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದೆ. ನಾನೂ ಹಾಗೇ ಮಾಡಿದೆ. ಕೀ ಸೊಂಟದಲ್ಲೇ ಇತ್ತು. ದೀಪಗಳು ಹತ್ತಿದವು, ಗಾಳಿ ಬಂತು, ಸದ್ದೇ ಇಲ್ಲ. ಎತ್ತಿದ ಬಾನೆಟ್ಟು ಚಪ್ಪರದ ಹಾಗೆ ಬಿಸಿಲಿಗೆ ಅಡ್ಡ ನಿಂತಿತ್ತು. ಸದ್ದಿಲ್ಲವಲ್ಲ, ಚಾಲೂ ಆಗಿಲ್ಲ, ಬರೀ ಬ್ಯಾಟರಿ — ಎಂದುಕೊಂಡೆ. ಆರು ವರ್ಷ ನನಗೆ ನಾನೇ ಹೇಳಿಕೊಂಡು ಬಂದದ್ದು ಇಷ್ಟೇ.

ಉಳಿದದ್ದನ್ನು ಹೇಳುತ್ತೇನೆ. ಬಹಳ ಹೊತ್ತಾದ ಮೇಲೆ ಕಾರು ಒಮ್ಮೆ ನಡುಗಿತು. ಮುಂದೆ ಎಲ್ಲೋ ಗುರ್ ಎಂದು ಶುರುವಾಯಿತು, ಆಮೇಲೆ ತಗಡಿನ ಡಬ್ಬಿಯಲ್ಲಿ ಕಲ್ಲು ಕುಲುಕಿದ ಹಾಗೆ ಟಕಟಕ ಸದ್ದು. ಎದುರಿಗೆ ಒಂದು ಕೆಂಪು ಚಿತ್ರ ಹತ್ತಿಕೊಂಡಿತು — ತುಪ್ಪದ ಗಿಂಡಿಯಂಥದ್ದು, ಮೂತಿಯಲ್ಲಿ ಒಂದು ಹನಿ. ಓದು ಬಾರದವರಿಗೂ ಅರ್ಥವಾಗುವ ಚಿತ್ರ. ನಿಮ್ಮ ಮಾತು ನೆನಪಾಯಿತು. ಆರಿಸಬೇಕು ಎಂದು ಗೊತ್ತಾಯಿತು. ಅದೇ ಹೊತ್ತಿಗೆ ನನ್ನ ತೊಡೆಯ ಮೇಲೆ ಮಾನ್ಯ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಇನ್ನೊಂದು ಗಳಿಗೆ, ನಿದ್ದೆ ಗಟ್ಟಿಯಾಗಲಿ, ಆಮೇಲೆ ಆರಿಸೋಣ... ಆ ಹಣೆಯ ಬೆವರು ಆರುವುದನ್ನು ನೋಡುತ್ತ ಕೂತೆ. ಎಷ್ಟು ಹೊತ್ತು ಎಂದು ಲೆಕ್ಕವಿಲ್ಲ. ಸುಟ್ಟ ವಾಸನೆ ಬಂದ ಮೇಲೆ ಗುಂಡಿ ಒತ್ತಿದೆ.

ಮಗುವನ್ನು ಒಳಗೆ ಮಲಗಿಸಿದೆ. ಕಾರಿನ ಬಾಗಿಲು ತೆರೆದಿಟ್ಟು ವಾಸನೆ ಹೋಗಲಾಡಿಸಿದೆ. ಸೀಟಿನ ಮೇಲೆ ಬಿದ್ದಿದ್ದ ಮಗುವಿನ ಟೊಪ್ಪಿಗೆ ತೆಗೆದುಕೊಂಡೆ. ಬಾಗಿಲು ಮುಚ್ಚಿ ಬಂದು ಅಕ್ಕಿ ಆರಿಸುತ್ತ ಕೂತೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ನೀವು ಬಂದಿರಿ. ಹೊಸ ವಾಷರ್ ಹಾಕಿ ಬೋಲ್ಟು ಬಿಗಿದಿರಿ. ಜೇನುತುಪ್ಪದ ಬಣ್ಣದ ಹೊಸ ಆಯಿಲ್ ಸುರಿದು, ಅಳತೆಯ ಕಡ್ಡಿ ಅದ್ದಿ, ಒರೆಸಿ, ಮತ್ತೆ ಅದ್ದಿ ನೋಡಿದಿರಿ. "ಅತ್ತೆ, ಕೀ ಕೊಡ್ರಿ" ಅಂದಿರಿ. ಕೊಕ್ಕೆಯಿಂದ ಬಿಡಿಸಿ ಕೊಟ್ಟೆ. ಇಂಜಿನ್ ಹತ್ತಿದಾಗ ಒಳಗಿನಿಂದ ಸುತ್ತಿಗೆ ಬಡಿದಂಥ ಸದ್ದು ಬಂತು. ನೀವು ಇಳಿದು, ಸುತ್ತಲೂ ನೋಡಿ, ಕೊನೆಗೆ ನಿಮ್ಮ ಎರಡು ಅಂಗೈಗಳನ್ನು ನೋಡಿಕೊಂಡಿರಿ. ಅಲ್ಲೇ ಏನೋ ಬರೆದಿದೆ ಎಂಬಂತೆ.

ಶಿವಮೊಗ್ಗದ ಮೆಕ್ಯಾನಿಕ್ ಬಿಚ್ಚಿ ನೋಡಿ, ಇದು ಆಯಿಲ್ ಇಲ್ಲದೆ ಓಡಿದೆ ಎಂದ. ಮರುವಾರ ನಮ್ಮ ಜಗುಲಿಯ ಮೇಲೆ ಎಲ್ಲರೂ ಸೇರಿದ್ದರು.

"ಫೋನ್ ನೋಡ್ಕಂಡು ಡಾಕ್ಟ್ರಾಗಕ್ಕೆ ಹೋದಂಗಾಯ್ತು" ಅಂದ ರುದ್ರೇಶ. "ಸ್ವಂತ ಗಾಡೀನೇ ಸುಟ್ಟೋನಿಗೆ ಊರೋರು ಗಾಡಿ ಕೊಡ್ತಾರಾ?"

"ನಾನು ಚಾಲೂ ಮಾಡೇ ಇಲ್ಲ ಮಾವ. ಕೀ ಕೂಡ ನನ್ ಹತ್ರ ಇರ್ಲಿಲ್ಲ."

"ಮತ್ಯಾರ್ ಹತ್ರ ಇತ್ತು?"

ಎಲ್ಲರೂ ನನ್ನ ಕಡೆ ತಿರುಗಿದರು. ಸವಿತಾ ಮೆಲ್ಲಗೆ ಕೇಳಿದಳು, "ಅವ್ವಾ, ನೀನೇನಾದ್ರೂ ಕಾರಲ್ಲಿ ಕೂತಿದ್ಯಾ?"

ಒಂದು "ಹೂಂ" ಸಾಕಿತ್ತು. ನನ್ನ ಬಾಯಲ್ಲಿ ಬಂದದ್ದು ಬೇರೆ. "ನಾನು ಅದರ ಹತ್ರಾನೂ ಸುಳಿದಿಲ್ಲ. ಹೋಗೋ ಅವಸರದಾಗೆ ಅವ್ರೇ ಬೋಲ್ಟೋ ಏನೋ ಮರ್ತಿರ್ಬೇಕು."

ಮರ್ತಿರ್ಬೇಕು. ಸುಮ್ಮನಿದ್ದಿದ್ದರೂ ಅದೊಂದು ಪಾಪ. ನಾನು ಸುಮ್ಮನಿರಲಿಲ್ಲ, ತಪ್ಪನ್ನು ಎತ್ತಿ ನಿಮ್ಮ ಕೈಗೆ ಕೊಟ್ಟೆ. ಮಗುವಿಗೆ ಏನಾದರೂ ಆಗಿದ್ದರೆ ಎಂದು ಕೇಳುತ್ತಾರೆ, ಇನ್ನು ಕೂಸನ್ನು ನನ್ನ ಕೈಗೆ ಕೊಡುವುದಿಲ್ಲ — ಆ ಹೆದರಿಕೆ. ನನ್ನ ಅಜ್ಜಿತನ ಉಳಿಸಿಕೊಳ್ಳಲು ನಿಮ್ಮನ್ನು ಕೊಟ್ಟುಬಿಟ್ಟೆ. ನೀವಾದರೂ ಸಿಟ್ಟಾಗಬೇಕಿತ್ತು. "ಅತ್ತೇರನ್ನ ಯಾಕೆ ಕೇಳ್ತೀರಿ, ಪಾಪ. ನಂದೇ ತಪ್ಪಿರ್ಬೇಕು ಬಿಡ್ರಿ" ಅಂದಿರಿ.

ಕಾರು ಗುಜರಿಗೆ ಹೋಯಿತು. ಶೆಡ್ಡನ್ನು ಬೇರೆಯವರು ಹಿಡಿದರು. ಇವೆಲ್ಲಕ್ಕಿಂತ ನನ್ನನ್ನು ಕೊಂದದ್ದು ಇನ್ನೊಂದು. ಮೊದಮೊದಲು ನೀವು ಸುಳ್ಳಿಗೆ ತಲೆಬಾಗಿದ್ದೀರಿ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನೀವು ಅದನ್ನು ನಂಬಿದ್ದಿರಿ. ಹೊರಟ ಮೇಲೆ ಬಾಗಿಲ ಚಿಲಕ ನೋಡಲು ತಿರುಗಿ ಬರುವುದು, ಗ್ಯಾಸ್ ಆರಿಸಿದ್ದೇನಾ ಎಂದು ಸವಿತಾಳನ್ನು ಎರಡೆರಡು ಸಲ ಕೇಳುವುದು. ಅಂಗಡಿಯಲ್ಲಿ ನೀವು ಸುತ್ತಿದ ಮೋಟರನ್ನು ಬೇರೆಯವರು ನೋಡಿದ ಮೇಲೇ ಗಿರಾಕಿಗೆ ಕೊಡುತ್ತೀರಂತೆ. ಜಗಳೂರಿನಿಂದ ಬಂದ ನಿಮ್ಮ ತಾಯಿ, "ಚಿಕ್ಕಂದಿನಲ್ಲಿ ಇವ್ನು ಹಿಂಗಿರ್ಲಿಲ್ಲ ಬೀಗ್ತೀ" ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡರು. ನಾನು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ಕೊಟ್ಟಿಗೆಯ ಕಂಬಗಳಿಗೆ ಆ ಕರಿ ಎಣ್ಣೆಯನ್ನೂ ಬಳಿದೆ. ಗೆದ್ದಲು ಹತ್ತದೆ ಇನ್ನೂ ಗಟ್ಟಿಯಾಗಿ ನಿಂತಿವೆ, ದಿನಾ ಹಾಲು ಕರೆಯುವಾಗ ನನ್ನ ಕಣ್ಣ ಮುಂದೆ.

ಮೊನ್ನೆ ತೊಲೆಯ ಕೊಂಡಿಗೆ ತೊಟ್ಟಿಲು ಕಟ್ಟಿ ಎಂದು ನಿಮಗೇ ಹೇಳಿದೆ. ಕಟ್ಟಿದಿರಿ. ಹಗ್ಗ ಹಿಡಿದು ನೀವೇ ಜೋತುಬಿದ್ದು ನೋಡಿದಿರಿ. ಬಿಚ್ಚಿದಿರಿ, ಮತ್ತೆ ಕಟ್ಟಿದಿರಿ. ಮೂರನೇ ಸಲ ಬಿಚ್ಚಿ ಹಗ್ಗವನ್ನು ನನ್ನ ಕೈಗಿಟ್ಟು, "ಬೇರೆ ಯಾರನ್ನಾದ್ರೂ ಕರೀರಿ ಅತ್ತೆ. ನಾನು ಕಟ್ಟಿದ್ರಲ್ಲಿ ಕೂಸು ಮಲಗೋದು ಬ್ಯಾಡ" ಅಂದಿರಿ. ಪಕ್ಕದಲ್ಲಿದ್ದ ಮಾನ್ಯ ಚಪ್ಪಾಳೆ ತಟ್ಟಿ ನಕ್ಕಳು. "ಅಪ್ಪಂಗೆ ಏನೂ ಬರಲ್ಲ! ಅಪ್ಪ ಕಾರು ಸುಟ್ಟಿದ್ರಲ್ಲ!"

ಯಾರ ಬೆವರು ಆರಲಿ ಎಂದು ಆವತ್ತು ಕೂತಿದ್ದೆನೋ ಆ ಮಗು.

ನಿನ್ನೆ ಹಿತ್ತಲಿಗೆ ಕರೆದುಕೊಂಡು ಹೋಗಿ ಮೊದಲು ಅವಳಿಗೇ ಹೇಳಿದೆ. ಎಲ್ಲಾ ಹೇಳಿದೆ. ಅವಳು ಕಲ್ಲಿನ ಮೇಲೆ ಕಾಲಾಡಿಸುತ್ತ ಕೇಳಿದಳು.

"ಆಗ ನಾನೂ ಕಾರಲ್ಲಿದ್ನಾ ಅಜ್ಜಿ?"

"ಇದ್ದೆ ಕಂದ. ನನ್ ತೊಡೆ ಮ್ಯಾಲೆ."

"ಮತ್ತೆ ನಾನ್ಯಾಕೆ ಅಪ್ಪಂಗೆ ಹೇಳ್ಲಿಲ್ಲ?"

"ನೀನು ಕೂಸು. ನಿಂಗೆ ಮಾತು ಬರ್ತಿರ್ಲಿಲ್ಲ."

ಅವಳು ಕಾಲಾಡಿಸುವುದನ್ನು ನಿಲ್ಲಿಸಿದಳು. "ನಿಂಗೆ ಬರ್ತಿತ್ತಲ್ಲ?"

ಬರುತ್ತಿತ್ತು.

ಭಾನುವಾರ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ. ರುದ್ರೇಶ ಬರುತ್ತಾನೆ, ನಿಮ್ಮ ತಾಯಿ ಬರುತ್ತಾರೆ, ಆವತ್ತು ಜಗುಲಿಯ ಮೇಲಿದ್ದವರೆಲ್ಲ ಬರುತ್ತಾರೆ. ಈ ಕಾಗದವನ್ನು ಇವತ್ತೇ ನಿಮ್ಮ ಕೈಗೆ ಕೊಡುತ್ತೇನೆ. ಆ ದಿನ ಎಲ್ಲರೂ ಕೂತ ಮೇಲೆ, ಆರತಿಗಿಂತ ಮೊದಲು, ನಿಂತು ಗಟ್ಟಿಯಾಗಿ ನಾನೇ ಓದುತ್ತೇನೆ. ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಕರೆಯುವುದು ನನ್ನ ಪಾಲಿಗೆ ಬಂದಿತ್ತು — ಹನ್ನೊಂದು ದಿನದಿಂದ ಆ ಹೆಸರನ್ನು ಬಾಯೊಳಗೇ ಕರೆದು ಕರೆದು ನೋಡುತ್ತಿದ್ದೇನೆ. ಅದನ್ನು ನಿಮ್ಮ ತಾಯಿಗೆ ಬಿಟ್ಟಿದ್ದೇನೆ. ಆಮೇಲೆ ನೀವು ಮಕ್ಕಳನ್ನು ನನ್ನ ಕೈಗೆ ಕೊಡುತ್ತೀರೋ ಇಲ್ಲವೋ, ನಾನು ಕೇಳುವುದಿಲ್ಲ.

ತೊಟ್ಟಿಲ ಹಗ್ಗ ಬೇರೆ ಯಾರ ಕೈಗೂ ಕೊಟ್ಟಿಲ್ಲ. ಕೊಂಡಿಯ ಕೆಳಗೆ ಸುತ್ತಿಟ್ಟಿದ್ದೇನೆ. ನೀವು ಮೊದಲನೇ ಸಲ ಕಟ್ಟಿದ ಗಂಟೇ ಗಟ್ಟಿಯಾಗಿತ್ತು, ಹಾಲೇಶಪ್ಪನವರೇ. ನಾನು ನೋಡಿದ್ದೆ.