ಆಯುಧಪೂಜೆಗೆ ತೊಳೆದ ಗಾಜು

ನಾನು ಏನು ಪಾಠ ಮಾಡುತ್ತೇನೆಂಬುದು ನಮ್ಮ ಹೊಳಲ್ಕೆರೆಯ ನೆಂಟರಿಗೆ ಕೊನೆಗೂ ತಿಳಿಯಲಿಲ್ಲ. ಸಾವಯವ ರಸಾಯನಶಾಸ್ತ್ರ ಎಂದರೆ ಸಾವಯವ ಗೊಬ್ಬರ ಎಂದುಕೊಂಡು ತೆಂಗಿನ ನುಸಿಗೆ ಔಷಧಿ ಕೇಳುವವರೇ ಹೆಚ್ಚು. ಮೊದಮೊದಲು ಬಿಡಿಸಿ ಹೇಳುತ್ತಿದ್ದೆ. ಆಮೇಲೆ ಸಿಟ್ಟು ಬಂದು "ಬೇವಿನೆಣ್ಣೆ ಹೊಡೀರಿ" ಎಂದುಬಿಡುವುದನ್ನು ರೂಢಿ ಮಾಡಿಕೊಂಡೆ. ಆಗಿನಿಂದ ನನ್ನನ್ನು ದೊಡ್ಡ ವಿಜ್ಞಾನಿ ಎನ್ನತೊಡಗಿದರು.

ನಿಜ ಹೇಳಬೇಕೆಂದರೆ ಚಿತ್ರದುರ್ಗದ ಕಾಲೇಜೊಂದರ ಲ್ಯಾಬಿನಲ್ಲಿ ಬೇರು, ತೊಗಟೆ, ಎಲೆಗಳನ್ನು ಕುದಿಸಿ, ಸೋಸಿ, ಅವುಗಳೊಳಗಿನ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸುವುದರಲ್ಲೇ ನನ್ನ ಆಯುಷ್ಯ ಕಳೆಯಿತು. ಬೇಸಿಗೆಯಲ್ಲಿ ನಮ್ಮ ನಲ್ಲಿಗಳಲ್ಲಿ ನೀರಿರುತ್ತಿರಲಿಲ್ಲ. ಐಸ್‌ಕ್ಯಾಂಡಿ ಮಾಡುವವರಿಂದ ಮಂಜುಗಡ್ಡೆ ತರಿಸಿ, ಬಕೆಟ್ಟಿಗೆ ಹಾಕಿ, ಏರ್‌ಕೂಲರಿನ ಪುಟ್ಟ ಪಂಪಿನಿಂದ ಆವಿ ತಣಿಸುವ ಕೊಳವೆಗಳಿಗೆ ಅದೇ ನೀರನ್ನು ಸುತ್ತಿಸಿ ಸುತ್ತಿಸಿ ಕೆಲಸ ಮಾಡುತ್ತಿದ್ದೆವು. ದೊಡ್ಡ ಊರಿನ ಪ್ರಾಧ್ಯಾಪಕರು ಬಂದು ನೋಡಿ ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನಲ್ಲಿ ಪಿಎಚ್.ಡಿ. ಮಾಡಲು ಬಂದವರಲ್ಲಿ ಕೊನೆಯವಳು ಹೊಸದುರ್ಗ ತಾಲ್ಲೂಕಿನ ಮತ್ತೋಡು ಕಡೆಯ ಹುಡುಗಿ. ಕುರಿ ಸಾಕುವ ಮನೆ. ಕುರಿಯ ಗೊರಸು ಕೊಳೆತು ಹುಳ ಬಿದ್ದರೆ ಅವರು ಒಂದು ಬೇರನ್ನು ಅರೆದು ಕಟ್ಟುತ್ತಿದ್ದರು. ಯಾವ ಗಿಡದ ಬೇರೆಂದು ಹೊರಗಿನವರಿಗೆ ಹೇಳಿದರೆ ಮದ್ದಿನ ಗುಣ ಹೋಗುತ್ತದೆಂಬುದು ಅವರ ನಂಬಿಕೆ. ಅದರೊಳಗೆ ಏನಿದೆಯೆಂದು ಕಂಡುಹಿಡಿಯುವುದೇ ತನ್ನ ಸಂಶೋಧನೆ ಎಂದು ಅವಳು ಹಟ ಹಿಡಿದಳು. ಅವಳ ಅಪ್ಪನೇ ಗುಡ್ಡ ಹತ್ತಿ, ಬೇರು ಅಗೆದು, ಗೊಬ್ಬರದ ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತಂದರು.

"ಹೇಳಬಾರದಾಗಿತ್ರೀ ಮೇಡಮ್ಮೋರೆ. ನಮ್ಮುಡುಗಿ ಕೇಳ್ತಲ್ಲ, ಏನ್ ಮಾಡಾಣ," ಎಂದು ಚೀಲವನ್ನು ನನ್ನ ಕಾಲ ಬಳಿ ಇಳಿಸಿದರು.

ಆ ಗಿಡದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೇಳುವುದಾದರೆ ಅವರು ಹೇಳಬೇಕು.

ಬೇರಿನಿಂದ ಅವಳು ಒಂದು ವಸ್ತುವನ್ನೇನೋ ಬೇರ್ಪಡಿಸಿದಳು. ಆದರೆ ಅದು ಎಣ್ಣೆಯಾಗಿಯೇ ಕುಳಿತುಬಿಟ್ಟಿತು. ನಮ್ಮ ವಿದ್ಯೆಯಲ್ಲಿ ಎಣ್ಣೆಗೆ ಬೆಲೆ ಕಡಿಮೆ. ಹರಳಾದರೆ ಅದರ ಮೇಲೆ ಎಕ್ಸ್‌-ರೇ ಹಾಯಿಸಿ ಒಳಗಿನ ಅಣುಗಳು ಹೇಗೆ ಜೋಡಿಸಿಕೊಂಡಿವೆ ಎಂದು ತಿಳಿಯಬಹುದು, ಆಮೇಲೆ ಯಾರೂ ಎದುರು ಮಾತಾಡುವಂತಿಲ್ಲ. ಅದಕ್ಕಾಗಿ ಅವಳು ಮಾಡದ ಕಸರತ್ತಿಲ್ಲ. ದ್ರಾವಕ ಬದಲಿಸಿದಳು, ಫ್ರಿಜ್ಜಿನಲ್ಲಿಟ್ಟಳು, ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಮೈ ಗೀರಿದಳು. ಗೀರಿದ ಜಾಗದಲ್ಲಿ ಹರಳು ಹುಟ್ಟುವುದುಂಟು. "ಹೆಣ್ಣು ನೋಡಕ್ಕೆ ಬಂದೋರು ಇದ್ದಂಗೈತೆ ಮೇಡಂ, ಹೂಂ ಅನ್ನಲ್ಲ, ಊಹೂಂ ಅನ್ನಲ್ಲ" ಎಂದು ನಗುತ್ತಿದ್ದಳು.

ಅವಳ ಅಪ್ಪ ಚಿತ್ರದುರ್ಗಕ್ಕೆ ಬಂದಾಗಲೆಲ್ಲ ಲ್ಯಾಬಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ನಾನೆಷ್ಟು ಗದರಿದರೂ ಕೇಳುತ್ತಿರಲಿಲ್ಲ.

"ಗಟ್ಟಿ ಆತೇನವ್ವ?"

"ಆಗ್ತೈತಪ್ಪ. ಆದ ದಿನ ಫೋನ್ ಮಾಡ್ತೀನಿ. ಬಂದು ಕಣ್ಣಾರೆ ನೋಡುವಂತೆ."

ಊರಿನವರು ನಿನ್ನ ಮಗಳು ಅಷ್ಟು ವರ್ಷದಿಂದ ಏನು ಮಾಡುತ್ತಾಳೆಂದು ಕೇಳಿದರೆ, ಬೇರಿನಿಂದ ಎಣ್ಣೆ ತೆಗೆಯುತ್ತಾಳೆ ಎನ್ನುತ್ತಿದ್ದರಂತೆ. ಗಾಣ ಹಾಕಿಕೊಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ಊರವರು ಆಡಿಕೊಳ್ಳುತ್ತಿದ್ದರು. ಈ ಮನುಷ್ಯನಿಗೆ ಬೇಕಾಗಿದ್ದದ್ದು ಪದವಿಯಲ್ಲ, ನೌಕರಿಯೂ ಅಲ್ಲ. ಮಗಳ ಕೈಯಲ್ಲಿ ಆದದ್ದನ್ನು ಒಮ್ಮೆ ನೋಡಬೇಕಾಗಿತ್ತು, ಅಷ್ಟೇ.

ಅವಳಿಗೆ ಡೆಂಗೆ ಬಂತು. ಮೊದಲು ಮಾಮೂಲಿ ಜ್ವರವೆಂದರು, ಆಮೇಲೆ ರಕ್ತದ ಕಣ ಇಳಿದಿವೆ ಎಂದರು, ದಾವಣಗೆರೆಗೆ ಕರೆದುಕೊಂಡು ಹೋದರು. ನಾನು ನೋಡಲು ಹೊರಡುವಷ್ಟರಲ್ಲಿ ಮುಗಿದಿತ್ತು. ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಆದರೂ ಹೊಟ್ಟೆ ಉರಿಯುವುದು ನಿಲ್ಲಲಿಲ್ಲ. ಪಾಠದ ನಡುವೆ ಬೋರ್ಡಿನ ಕಡೆ ತಿರುಗಿ ಅತ್ತಿದ್ದೇನೆ. ತಿಥಿಯ ದಿನ ಅವರ ಮನೆಗೆ ಹೋದಾಗ ಅವಳ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ ಮಾತು: "ಅದು ಗಟ್ಟಿ ಆತೇನ್ರಿ?"

ಅವಳು ತೆಗೆದಿದ್ದರಲ್ಲಿ ಹೆಚ್ಚಿನದು ಪರೀಕ್ಷೆಗಳಿಗೆ ಖರ್ಚಾಗಿತ್ತು. ಒಂದು ಚಿಕ್ಕ ಫ್ಲಾಸ್ಕಿನ ತಳದಲ್ಲಿ ಮಾತ್ರ ಸ್ವಲ್ಪ ಉಳಿದಿತ್ತು. ಬಾಯಿಗೆ ಹತ್ತಿ ತುರುಕಿ, ಮೇಲೆ ತನ್ನ ಹೆಸರಿನ ಚೀಟಿ ಅಂಟಿಸಿ, ಕಿಟಕಿಯ ಪಕ್ಕದ ಶೆಲ್ಫಿನಲ್ಲಿ ಅವಳೇ ಇಟ್ಟು ಹೋಗಿದ್ದಳು. ಅದನ್ನು ನಾನು ಕದಲಿಸಲಿಲ್ಲ. ಬೆಳಿಗ್ಗೆ ಬಂದವಳು ಮೊದಲು ಅದನ್ನೇ ಬಗ್ಗಿ ನೋಡುತ್ತಿದ್ದೆ. ಒಂದು ಮಳೆಗಾಲ ಕಳೆದು ಇನ್ನೊಂದು ಬಂತು. ನನ್ನ ನಿವೃತ್ತಿಯೂ ಹತ್ತಿರವಾಯಿತು.

ದಸರಾ ರಜೆಗೆ ಮುಂಚಿನ ಸಂಜೆ ಎಂದಿನಂತೆ ಬಗ್ಗಿದೆ. ಎಣ್ಣೆಯ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬಿಳಿ ಸೂಜಿಗಳು. ಕನ್ನಡಕ ಒರೆಸಿ ಮತ್ತೆ ನೋಡಿದೆ. ಇದ್ದವು. ಅಲ್ಲೇ ನಿಂತು ಅವಳ ಅಪ್ಪನಿಗೆ ಫೋನ್ ಮಾಡಿದೆ. ಅವರು ಆಗ ಹಿರಿಯೂರು ಕಡೆಯ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಂಡಿದ್ದರು. ಹಬ್ಬದ ದಿನ ಬನ್ನಿ, ಅಷ್ಟರಲ್ಲಿ ಇನ್ನೂ ದಪ್ಪವಾಗುತ್ತವೆ ಎಂದೆ.

ಅವರು ಕುರಿಗಳನ್ನು ಅತ್ತ ಅಟ್ಟುವ ಸದ್ದು ಕೇಳಿಸಿತು. ಆಮೇಲೆ ಕೇಳಿದರು, "ನಾ ಬರೋಗಂಟ ಕರಗಲ್ವೇನ್ರಿ?"

"ಕರಗಲ್ಲ, ನಿಶ್ಚಿಂತೆಯಿಂದ ಬರ್ರಿ."

ಬೇರೆ ಯಾರಿಗೂ ಹೇಳಲಿಲ್ಲ. ಹರಳು ಕಟ್ಟುವಾಗ ಫ್ಲಾಸ್ಕು ಅಲುಗಬಾರದು. ಸುದ್ದಿ ಹಬ್ಬಿದರೆ ಹೋದವರು ಬಂದವರೆಲ್ಲ ಎತ್ತಿ ನೋಡುತ್ತಾರೆ.

ನಮ್ಮಲ್ಲಿ ಆಯುಧಪೂಜೆಗೆ ಲ್ಯಾಬಿನ ಗಾಜೆಲ್ಲ ತೊಳೆದು, ತಕ್ಕಡಿಗೆ, ಒಲೆಗೆ, ಪಂಪಿಗೆಲ್ಲ ವಿಭೂತಿ ಎಳೆದು, ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತೇವೆ. ಊರಿಗೆ ಹೋಗಿದ್ದ ನಾನು ಆ ಬೆಳಿಗ್ಗೆ ಹೊಳಲ್ಕೆರೆಯಿಂದ ನೇರವಾಗಿ ಲ್ಯಾಬಿಗೆ ಬಂದೆ. ಮೇಜಿನ ನಡುವೆ, ಎಲ್ಲದಕ್ಕಿಂತ ಮುಂದೆ, ಅವಳ ಫ್ಲಾಸ್ಕು. ವಿಭೂತಿ, ಕುಂಕುಮ, ಚೆಂಡುಹೂವು. ಒಳಗೆ ಏನೂ ಇರಲಿಲ್ಲ. ಕಿಟಕಿಯ ಬೆಳಕು ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಗೆ ಬರುತ್ತಿತ್ತು.

ತೊಳೆದವಳು ಅವಳ ಗೆಳತಿ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವಳು, ಈಗ ನಮ್ಮಲ್ಲೇ ಅತಿಥಿ ಉಪನ್ಯಾಸಕಿ.

"ಈ ಸಲ ಇವಳದ್ದೇ ಮುಂದೆ ಇಡಾಣ ಅನ್ನಿಸ್ತು ಮೇಡಂ," ಎಂದಳು. ಕಣ್ಣಲ್ಲಿ ನೀರಿತ್ತು, ನಗುತ್ತಿದ್ದಳು. "ತೀರ್ಕೊಂಡೋರ ಸಾಮಾನು ಹಂಗೇ ಪೂಜೆಗೆ ಇಡಬಾರದು, ತೊಳ್ದು ಶುದ್ಧ ಮಾಡಿ ಇಡು ಅಂದ್ರು ನಮ್ಮಮ್ಮ. ತಳದಾಗೆ ಒಣಗಿದ ಎಣ್ಣೆ ಹಿಡ್ಕಂಡಿತ್ತು. ಅಸಿಟೋನ್ ಹಾಕಿ ತಿಕ್ಕಿದೆ. ಚೀಟಿ ಮಾತ್ರ ನೆನೀದಂಗೆ ನೋಡ್ಕಂಡೆ."

ಬೈಗುಳಕ್ಕೆ ಹೆಸರಾದ ಬಾಯಿ ನನ್ನದು. ಬೈಯುವುದನ್ನು ಬಿಟ್ಟು ಸಿಂಕಿನ ಬಳಿ ಹೋಗಿ, ಹುಚ್ಚಿಯ ಹಾಗೆ ಅದರ ಜಾಲರಿಯನ್ನು ಬೆರಳಿನಿಂದ ಸವರಿದೆ. ಅಸಿಟೋನಿನಲ್ಲಿ ಕರಗಿದ್ದು ಅಲ್ಲಿ ಎಲ್ಲಿ ಸಿಗಬೇಕು? ಆ ಹುಡುಗಿ ನನ್ನ ಮುಖ ನೋಡಿದಳು. ಅವಳೂ ರಸಾಯನಶಾಸ್ತ್ರ ಓದಿದವಳಲ್ಲವೇ, ಬಿಡಿಸಿ ಹೇಳಬೇಕಾಗಲಿಲ್ಲ. ಅಲ್ಲೇ ನೆಲದ ಮೇಲೆ ಕುಸಿದು ಕುಳಿತಳು.

ಮಂಗಳಾರತಿಯ ಹೊತ್ತಿಗೆ ಅವಳ ಅಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಟವೆಲು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಫ್ಲಾಸ್ಕಿನ ಮೇಲಿನ ಮಗಳ ಕೈಬರಹ ಗುರುತಿಸಿ ಕೈಮುಗಿದರು. ಬಗ್ಗಿ ಒಳಗೆ ನೋಡಿದರು, ಈ ಮಗ್ಗುಲಿಂದ, ಆ ಮಗ್ಗುಲಿಂದ.

"ನಂಗೆ ಕಾಣ್ತಿಲ್ರಿ ಮೇಡಮ್ಮೋರೆ. ಎಲ್ಲೈತೆ ತೋರಿಸ್ರಿ."

ಸುಳ್ಳು ಹೇಳುವ ಮನಸ್ಸಾಯಿತು. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಟವೆಲಿನ ಅಂಚನ್ನು ಮಡಚುತ್ತಾ ಬಿಚ್ಚುತ್ತಾ ನಿಂತರು. ನನಗೆ ತಡೆಯಲಾಗದೆ, "ಗಿಡ ಇನ್ನೂ ಇದೆಯಲ್ಲ. ಬೇರು ತರಿಸಿ ಮತ್ತೆ ಮಾಡ್ತೀವಿ. ಅವಳ ಹೆಸರೇ ಹಾಕ್ತೀವಿ" ಎಂದೆ.

"ಹೆಸರು ಹಾಕ್ತೀರ. ನೀವು ಹಾಕೋರೇ," ಎಂದರು. "ಆದ್ರೆ ಅದು ನಮ್ಮುಡುಗಿ ಮಾಡಿದ್ದು ಆಗ್ತೈತೇನ್ರಿ?"

ಪಾಠ ಹೇಳುವ ಮೇಜಿನ ಹಿಂದೆ ನಿಂತು ಸಾವಿರ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ. ಆ ಬೇರಿನಿಂದ ಯಾರು ತೆಗೆದರೂ ಅದೇ ವಸ್ತು, ಅದೇ ಹರಳು, ಕೂದಲೆಳೆಯ ವ್ಯತ್ಯಾಸವಿರುವುದಿಲ್ಲ ಎಂದು ನನಗೆ ಗೊತ್ತು.

"ಆಗಲ್ಲ," ಎಂದೆ.

"ಹಂಗಾರೆ ಬ್ಯಾಡ ಬಿಡ್ರಿ."

ನೆಲದ ಮೇಲೆ ಬಿಕ್ಕುತ್ತಿದ್ದ ಹುಡುಗಿಯ ಬಳಿ ಹೋಗಿ ತಲೆ ಮೇಲೆ ಕೈಯಿಟ್ಟರು. "ಏಳವ್ವ, ನಿನ್ನ ತಪ್ಪೇನೈತೆ. ಮಣ್ಣಿಗೆ ಕಳಿಸೋ ಮುಂಚೆ ನಾವೂ ಆಕೀನ ಹಿಂಗೇ ತೊಳ್ದು, ಹಣೆಗೆ ಕುಂಕುಮ ಇಟ್ಟು, ಹೂವ ಮುಡಿಸಿದ್ವಿ," ಎಂದರು.